ಎಣ್ಣೆ ಹಚ್ಚಿದ ಹುರಿ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಕವಲೂರು ಎಂಬ ರಾಜ್ಯವಿತ್ತು. ಆ ರಾಜ್ಯದವರಿಗೆ ಕತ್ತಿ ಬೇಡ, ಬಿಲ್ಲು ಬೇಡ, ಜೋಡಿಗೋಲೊಂದಿದ್ದರೆ ಸಾಕಾಗಿತ್ತು. ಜೋಡಿಗೋಲು ಎಂದರೆ ಮೊಳದುದ್ದದ ಎರಡು ಕಗ್ಗಲಿ ಮರದ ಕೋಲುಗಳು. ಎರಡರ ತಲೆಗಳನ್ನೂ ಸೇರಿಸಿ ನಡುವೆ ಅಂಗೈ ಅಗಲದ ಒಂದು ಕೊಂಡಿ. ಒಂದು ಕೋಲನ್ನು ಹಿಡಿದು ಬೀಸಿದರೆ ಇನ್ನೊಂದು ಗಾಳಿಯಲ್ಲಿ ಸುತ್ತು ಹೊಡೆದು ಬಂದು ಬಡಿಯುತ್ತದೆ. ಬಲ್ಲವರ ಕೈಯಲ್ಲಿ ಅದು ಕಣ್ಣಿಗೇ ಕಾಣುವುದಿಲ್ಲ. ಅರಿಯದವರ ಕೈಯಲ್ಲಿ ಮೊದಲು ಅವರ ಮೊಣಕೈಯನ್ನೇ ವಿಚಾರಿಸಿಕೊಳ್ಳುತ್ತದೆ.

ಕೋಲಿನ ವಿಷಯದಲ್ಲಿ ಕವಲೂರಿನಲ್ಲಿ ಜಗಳವಿರಲಿಲ್ಲ. ಜಗಳವೆಲ್ಲ ಕೊಂಡಿಯದು. ಊರಿನಲ್ಲಿ ಮೂರು ಗರಡಿಗಳಿದ್ದವು. ಹುರಿ ಗರಡಿಯವರು ಸೆಣಬಿನ ಹುರಿ ಹೊಸೆದು, ಕೋಲಿನ ತೂತಿನಲ್ಲಿ ಪೋಣಿಸಿ, ಗಂಟು ಹಾಕುತ್ತಿದ್ದರು. ಸರಪಳಿ ಗರಡಿಯವರು ಕಬ್ಬಿಣದ ಬಳೆಗಳನ್ನು ಒಂದರೊಳಗೊಂದು ಕೋದು ಬಿಗಿಯುತ್ತಿದ್ದರು. ಗುಂಡುಕೀಲಿನ ಗರಡಿಯವರು ಕೋಲಿನ ತಲೆಗೆ ಉಕ್ಕಿನ ಟೊಪ್ಪಿ ತೊಡಿಸಿ, ಅದರೊಳಗೆ ಸಾಸಿವೆಯಂಥ ಉಕ್ಕಿನ ಗುಂಡುಗಳನ್ನಿಟ್ಟು, ಕೊಂಡಿ ತನ್ನಷ್ಟಕ್ಕೆ ತಾನೇ ಗಿರಗಿರ ತಿರುಗುವಂತೆ ಮಾಡುತ್ತಿದ್ದರು. ನಮ್ಮದೇ ಮೇಲು ಎಂದು ಮೂರು ಗರಡಿಯವರೂ ಮುಖ ಊದಿಸಿಕೊಂಡು ತಿರುಗುತ್ತಿದ್ದರು. ಒಬ್ಬರ ಬಾವಿಯ ನೀರನ್ನು ಇನ್ನೊಬ್ಬರು ಕುಡಿಯುತ್ತಿರಲಿಲ್ಲ. ಬಾಯಾರಿಕೆಗೆ ಈ ವ್ಯತ್ಯಾಸ ಹೇಗೆ ಗೊತ್ತಾಗುತ್ತಿತ್ತೋ ಅವರೇ ಹೇಳಬೇಕು.

ಸರಪಳಿ ಗರಡಿಯ ಗುರು ಜಕ್ಕಬ್ಬೆ. ಅವಳ ಒಬ್ಬಳೇ ಮಗಳು ಬಾಚಲೆ. ತಾಯಿ ಗುರುವಾದರೆ ಮಕ್ಕಳಿಗೆ ಬೈಗುಳ ಎರಡು ಪಾಲು. ಬಾಚಲೆಗೂ ಹಾಗೆಯೇ. ಸಂಜೆಯಾದರೆ ಆ ಗರಡಿಯಲ್ಲಿ ಒಂದು ಕಟ್ಟಳೆಯಿತ್ತು: ಮೊದಲು ಸರಪಳಿಗೆ ಎಣ್ಣೆ, ಆಮೇಲೆ ದೀಪಕ್ಕೆ. ಸರಪಳಿಗೆ ತುಕ್ಕು ಹಿಡಿದರೆ ದೀಪ ಯಾರಿಗೆ ಬೆಳಗಬೇಕು ಎನ್ನುವಳು ಜಕ್ಕಬ್ಬೆ. ಇನ್ನೊಂದು ಕಟ್ಟಳೆ, "ಹಿಡಿ" ಎನ್ನುವುದು. ಊಟ ಮಾಡುವಾಗ, ರೊಟ್ಟಿ ತಟ್ಟುವಾಗ, ಬೆನ್ನು ಹಾಕಿ ನಡೆಯುವಾಗ, ತಾಯಿ ಎಲ್ಲಿಂದಲೋ "ಹಿಡಿ" ಎಂದು ಒಂದು ಕೋಲು ಎಸೆಯುವಳು. ಕಣ್ಣು ನೋಡುವ ಮೊದಲೇ ಕೈ ಏಳಬೇಕು. ಮಗಳೂ ಬಿಡುತ್ತಿರಲಿಲ್ಲ, ತಾಯಿ ತಲೆ ಬಾಚಿಕೊಳ್ಳುತ್ತಿದ್ದರೂ "ಹಿಡಿ" ಎಂದು ಎಸೆಯುವಳು. ಒಂದು ದಿನವೂ ಜಕ್ಕಬ್ಬೆಯ ಕೈ ತಪ್ಪಲಿಲ್ಲ.

ಹೀಗಿರುವಾಗ ಕವಲೂರಿಗೆ ಬಿಚ್ಚುಗೈ ಎಂಬ ಮಾಂತ್ರಿಕ ಬಂದ. ಊರಾಚೆಯ ಬೆಟ್ಟದ ಮೇಲೆ ಕೋಟೆ ಕಟ್ಟಿದ. ಅವನ ವಿದ್ಯೆ ಒಂದೇ. ಹೆಬ್ಬೆರಳು, ತೋರುಬೆರಳು ಸೇರಿಸಿ ಗಾಳಿಯಲ್ಲಿ ಗಂಟು ಬಿಚ್ಚುವಂತೆ ಆಡಿಸಿದರೆ ಸಾಕು, ಸೇರಿಕೊಂಡದ್ದು ಕಳಚಿಬೀಳುತ್ತಿತ್ತು. ನೊಗ ಎತ್ತಿನ ಹೆಗಲಿನಿಂದ ಬಿದ್ದಿತು. ಬಾಗಿಲು ಚೌಕಟ್ಟು ಬಿಟ್ಟು ಬೀದಿಗೆ ಬಂದಿತು. ಬಲ್ಲರಸ ಮಹಾರಾಜರು ನ್ಯಾಯ ಹೇಳುತ್ತಿರುವಾಗಲೇ ಸಿಂಹಾಸನದ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಅಲ್ಲಿಯವರೆಗೆ ಜನ ನಕ್ಕರು. ಆಮೇಲೆ ಮಾಂತ್ರಿಕ ಮನುಷ್ಯರ ನಡುವಿನ ಗಂಟುಗಳಿಗೆ ಕೈ ಹಾಕಿದ. ಹೆಂಡತಿ ಗಂಡನನ್ನು ಕಂಡು ಯಾರೋ ದಾರಿಹೋಕ ಎಂದುಕೊಂಡಳು. ಅಣ್ಣ ತಮ್ಮನನ್ನು ಕಳ್ಳನೆಂದು ಹಿಡಿದ. ಬಿಚ್ಚಿದ ಪ್ರತಿಯೊಂದು ನಂಟೂ ಬೆಳ್ಳನೆಯ ನೂಲಾಗಿ ತೇಲುತ್ತ ಬೆಟ್ಟಕ್ಕೆ ಹೋಗುತ್ತಿತ್ತು. ಅದನ್ನು ಅವನು ಲಡಿ ಸುತ್ತಿ ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಆಗ ಯಾರೂ ನಗಲಿಲ್ಲ.

ಜಕ್ಕಬ್ಬೆ ಜೋಡಿಗೋಲು ಹೆಗಲಿಗೆ ಹಾಕಿಕೊಂಡು ಬೆಟ್ಟದ ಬುಡಕ್ಕೆ ಹೋಗಿ ಮಾಂತ್ರಿಕನನ್ನು ಕೂಗಿದಳು. ಹೋದವಳು ಹಿಂದಿರುಗಲಿಲ್ಲ.

ಕಾದು ಕಾದು ಬಾಚಲೆ ಹುಡುಕಿಕೊಂಡು ಹೋದಳು. ಬೆಟ್ಟದ ಬುಡದ ತೊರೆಯಲ್ಲಿ ತಾಯಿ ಕೊಡ ತುಂಬಿಸುತ್ತಿದ್ದಳು. ಮಗಳಿಗೆ ಹೋದ ಜೀವ ಬಂದಂತಾಯಿತು. "ಅವ್ವಾ" ಎಂದು ಓಡಿದಳು. ಜಕ್ಕಬ್ಬೆ ಕೊಡ ಇಳಿಸಿ ಅವಳನ್ನು ನೋಡಿದಳು.

"ಯಾರಮ್ಮಾ ನೀನು? ಯಾರ ಮಗಳು? ಈ ಬಿಸಿಲಲ್ಲಿ ಯಾಕೆ ಓಡ್ತಿದ್ದೀಯ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಬಾಚಲೆಗೆ ತಡೆಯಲಾಗಲಿಲ್ಲ. ಅವಳ ತಾಯಿ ಅವಳ ಜೊತೆ ಅಷ್ಟು ಮೆತ್ತಗೆ ಎಂದೂ ಮಾತಾಡಿದವಳಲ್ಲ.

"ಅಳಬೇಡ. ಹಿಂದಕ್ಕೆ ಹೋಗು" ಎಂದಳು ಜಕ್ಕಬ್ಬೆ. "ಮೇಲೆ ಹತ್ತಬೇಡಮ್ಮ. ಮೊದಲನೇ ಬಾಗಿಲಲ್ಲಿ ಸಾವಿರ ಕಿವಿಯ ಮೃಗ ಇದೆ. ಎರಡನೇದರಲ್ಲಿ ಕತ್ತರಿ ಕೊಕ್ಕಿನ ಹದ್ದು. ಮೂರನೇದರಲ್ಲಿ ಬೆಂಕಿ ಕಣಜದ ಹುಳಗಳು. ನನಗೂ ಕೆಲಸ ಇದೆ. ಅಮಾವಾಸ್ಯೆಗೆ ಯಜಮಾನರು ನೂಲೆಲ್ಲ ಸುಡ್ತಾರಂತೆ, ಒಲೆ ಸಾರಿಸಬೇಕು."

ಸುಟ್ಟ ನೂಲು ಮತ್ತೆ ಕೂಡುವುದುಂಟೇ? ಬಾಚಲೆ ಕಣ್ಣೊರೆಸಿಕೊಂಡು ಊರಿಗೆ ಓಡಿದಳು. ಸರಪಳಿಯ ಕೊಂಡಿಯೊಂದೇ ಸಾಲದು ಎಂದು ಅವಳಿಗೆ ಗೊತ್ತಾಗಿತ್ತು. ಅವಳ ತಾಯಿಯ ಸರಪಳಿಯೇ ಸೋತಿತ್ತಲ್ಲ.

ಹುರಿ ಗರಡಿಯ ಗುರು ಸಿಂಗಣ. ಮುದುಕ, ಕಡ್ಡಿಯಂತಿದ್ದ. "ಹುರಿಯೇ ಮೇಲು ಅಂತ ಒಪ್ಪಿಕೋ, ಕೊಡ್ತೀನಿ" ಎಂದ.

"ಹೊಡೆದು ನೋಡದೆ ಹೇಗೆ ಒಪ್ಪಲಿ ಅಜ್ಜ? ಬಂದ ಮೇಲೆ ಹೇಳ್ತೀನಿ."

ಗುಂಡುಕೀಲಿನ ಗರಡಿಯ ಗುರು ದೇಮರಸ. ದಪ್ಪ ಮನುಷ್ಯ, ಆದರೂ ನಿಂತಲ್ಲಿ ನಿಲ್ಲುವವನಲ್ಲ. "ಗುಂಡುಕೀಲೇ ಮೇಲು ಅಂತ ಒಪ್ಪಿಕೋ, ಕೊಡ್ತೀನಿ" ಎಂದ.

"ಹೊಡೆದು ನೋಡದೆ ಹೇಗೆ ಒಪ್ಪಲಿ ಮಾವ? ಬಂದ ಮೇಲೆ ಹೇಳ್ತೀನಿ."

ಇಬ್ಬರೂ ಗೊಣಗಿದರು, ಇಬ್ಬರೂ ಕೊಟ್ಟರು. ಸಿಂಗಣನನ್ನು ಅವನ ಹೆಂಡತಿಯೂ ದೇಮರಸನನ್ನು ಅವನ ಮಗನೂ ಮರೆತು ಆಗಲೇ ಬಹಳ ದಿನವಾಗಿತ್ತು. ಹುರಿಗೆ ಎಣ್ಣೆ ತಾಗಬಾರದು ಎಂದು ಮಾತ್ರ ಸಿಂಗಣ ಹೇಳಲಿಲ್ಲ. ಅವನ ಗರಡಿಯಲ್ಲಿ ಅದು ತೊಟ್ಟಿಲ ಕೂಸಿಗೂ ಗೊತ್ತಿದ್ದ ಸಂಗತಿ.

ಬಾಚಲೆ ಒಂದು ಜೊತೆ ಕೋಲು, ಮೂರು ಕೊಂಡಿ, ಹರಳೆಣ್ಣೆ ತುಂಬಿದ ಒಂದು ಕೊಂಬು ಸೊಂಟಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತಿದಳು. ಸಾವಿರ ಕಿವಿಯ ಮೃಗದೆದುರು ಸದ್ದು ಮಾಡುವ ಸರಪಳಿ ನಡೆಯದು. ಹಾಗಾಗಿ ಹುರಿ ಕಟ್ಟಿದಳು. ಮೊದಲ ಬಾಗಿಲ ಬಳಿ ಬರುವಾಗ ಸಂಜೆಯಾಯಿತು. ಅವಳ ಮನಸ್ಸೆಲ್ಲ ತಾಯಿಯ ಮೇಲಿತ್ತು. ಕೈಗಳು ಸಂಜೆಯ ಕೆಲಸ ಮರೆಯಲಿಲ್ಲ. ಕೊಂಬು ಬಿಚ್ಚಿ ಕೊಂಡಿಗೆ ಎಣ್ಣೆ ಹಚ್ಚಿದವು, ಚೆನ್ನಾಗಿ ತಿಕ್ಕಿ ತಿಕ್ಕಿ ಹಚ್ಚಿದವು.

ಬಾಗಿಲಲ್ಲಿ ಮೃಗ ಕೂತಿತ್ತು. ಅದಕ್ಕೆ ಕಣ್ಣಿರಲಿಲ್ಲ. ಮೂತಿಯಿಂದ ಬಾಲದವರೆಗೆ ಮೈಯೆಲ್ಲ ಕಿವಿ. ಅರಳಿ ಮರದ ಎಲೆಗಳಂತೆ ಸಾವಿರ ಕಿವಿಗಳೂ ಒಟ್ಟಿಗೆ ನಡುಗುತ್ತಿದ್ದವು. ದೂರದ ಊರಿನಲ್ಲಿ ಯಾವುದೋ ಮಗು ಮಗ್ಗಲು ತಿರುಗಿದ್ದನ್ನೂ ಅವು ಕೇಳಿ ಆ ಕಡೆ ವಾಲಿದವು. ಬಾಚಲೆ ಉಸಿರು ಬಿಗಿಹಿಡಿದು ನೋಡುತ್ತ ನಿಂತುಬಿಟ್ಟಳು. ಅಷ್ಟು ಚೆಂದದ ಭಯವನ್ನು ಅವಳು ಕಂಡಿರಲಿಲ್ಲ.

ಆಮೇಲೆ ಕೋಲು ಬೀಸಿದಳು. ಹುರಿ ಸದ್ದೇ ಮಾಡಲಿಲ್ಲ. ಗಾಳಿಯಷ್ಟೇ ಮೆಲ್ಲಗೆ ಕೋಲು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮೂರನೆಯ ಸುತ್ತಿಗೆ ಎಣ್ಣೆ ಕುಡಿದ ಗಂಟು ಜಾರಿ, ಕೋಲು ಹಾರಿಹೋಗಿ ಬಂಡೆಯ ಮೇಲೆ ಠಣ್ಣೆಂದು ಬಿತ್ತು.

ಮೃಗ ಒಂದೇ ನೆಗೆತಕ್ಕೆ ಆ ಕೋಲಿನ ಮೇಲೆರಗಿತು. ಅದು ಹೋದ ರಭಸಕ್ಕೆ ಬಾಚಲೆಯ ಸೆರಗು ಹರಿಯಿತು. ಕೋಲನ್ನು ಪಂಜದಡಿ ಒತ್ತಿಕೊಂಡು ಮೃಗ ಮತ್ತೆ ಕಿವಿಗೊಟ್ಟಿತು. ಬಾಚಲೆ ಕೈಯಲ್ಲಿ ಉಳಿದಿದ್ದ ಕೋಲನ್ನು ಮೆಲ್ಲನೆ ಹತ್ತಿರಕ್ಕೆ ತಂದಳು. ಹುರಿ ಮೂಸಿ ನೋಡಿದಳು, ಹರಳೆಣ್ಣೆ. ತಾಯಿ ಇಲ್ಲಿದ್ದಿದ್ದರೆ ಏನೆನ್ನುತ್ತಿದ್ದಳೆಂದು ನೆನೆದು ಆ ಹೊತ್ತಿನಲ್ಲೂ ಅವಳಿಗೆ ನಾಚಿಕೆಯಾಯಿತು.

ಬಗ್ಗಿ ಒಣಮಣ್ಣು ತೆಗೆದು ಹುರಿಗೆ ಮೆಲ್ಲನೆ ಉಜ್ಜಿದಳು. ಬೆರಳಿಗೆ ಹಿಡಿತ ಸಿಗುವವರೆಗೂ ಉಜ್ಜಿದಳು. ಒಂದು ಕಲ್ಲು ತೆಗೆದು ಕಣಿವೆಯ ಕಡೆಗೆ ಎಸೆದಳು. ಮೃಗ ಅತ್ತ ತಿರುಗಿ ಎರಡು ಹೆಜ್ಜೆ ಹೋಯಿತು. ಅಷ್ಟರಲ್ಲಿ ಬಿದ್ದ ಕೋಲು ಅವಳ ಕೈಯಲ್ಲಿತ್ತು. ಈ ಸಲ ಗಂಟು ಬಿಗಿಯಾಗಿ ಕೂತಿತು. ಕೋಲು ಸದ್ದಿಲ್ಲದೆ ಸುತ್ತಿ ಬಂದು ಮೃಗದ ನೆತ್ತಿಗೆ ಬಡಿಯಿತು. ಸಾವಿರ ಕಿವಿಗಳೂ ಒಂದೊಂದಾಗಿ ಮಡಚಿಕೊಂಡವು. ಮೃಗ ಬೆಕ್ಕಿನಂತೆ ಮುದುಡಿ ನಿದ್ದೆಹೋಯಿತು.

ಬೆಳಗಿನ ಹೊತ್ತಿಗೆ ಎರಡನೆಯ ಬಾಗಿಲು ಸಿಕ್ಕಿತು. ಅಲ್ಲಿ ಹದ್ದು ಕೂತಿತ್ತು. ಅದು ರೆಕ್ಕೆ ಬಿಚ್ಚಿದರೆ ಬೆಟ್ಟದ ಅರ್ಧಕ್ಕೆ ನೆರಳು. ಕೊಕ್ಕು ಕತ್ತರಿಯೇ. ಕಚಕ್ ಎಂದರೆ ಬಿಸಿಲಿನ ಕೋಲೊಂದು ತುಂಡಾಗಿ ನೆಲಕ್ಕೆ ಬಿದ್ದು ಒದ್ದಾಡುತ್ತಿತ್ತು. ಬೆಳಕನ್ನೇ ಕತ್ತರಿಸುವ ಕೊಕ್ಕಿಗೆ ಹುರಿ ಯಾವ ಲೆಕ್ಕ? ಬಾಚಲೆ ಹುರಿ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು ಸರಪಳಿ ಸಿಕ್ಕಿಸಿದಳು. ಇದು ಅವಳ ಸ್ವಂತ ಗರಡಿಯದು, ಹುಟ್ಟಿದಾಗಿನಿಂದ ಕೈಗೆ ಗೊತ್ತಿದ್ದ ತೂಕ.

"ಬಾರೋ" ಎಂದಳು.

ಹದ್ದು ಎರಗಿತು. ಸರಪಳಿ ಝಲ್ಲೆಂದು ಹಾರಿ ಅದರ ಕೊಕ್ಕಿಗೆ ಸುತ್ತಿಕೊಂಡಿತು. ಹದ್ದು ಕಚಕ್ ಎಂದಿತು. ಕಿಡಿ ಹಾರಿತು. ಇನ್ನೊಮ್ಮೆ ಕಚಕ್ ಎಂದಿತು. ಮತ್ತೆ ಕಿಡಿ ಹಾರಿತು, ಬಳೆಯೊಂದೂ ಬಾಯಿ ಬಿಡಲಿಲ್ಲ. ಹದ್ದು ಅವಳನ್ನು ಎತ್ತಿಕೊಂಡು ಮೇಲಕ್ಕೆ ಹಾರಿತು. ಕೆಳಗೆ ಕವಲೂರು ಅಂಗೈಯಷ್ಟಾಯಿತು, ನದಿ ದಾರದೆಳೆಯಾಯಿತು. ಮೋಡದ ಒಳಗೆ ಮಳೆಹನಿಗಳು ಸಾಲಾಗಿ ಕೂತು ತಮ್ಮ ಸರದಿ ಕಾಯುತ್ತಿದ್ದುದನ್ನು ಬಾಚಲೆ ಕಣ್ಣಾರೆ ಕಂಡಳು. ಕೈ ಸೋತರೂ ಎರಡು ಕೋಲನ್ನೂ ಬಿಗಿಹಿಡಿದು ಜೋತಾಡಿದಳು. ಕೊನೆಗೆ ಹದ್ದಿಗೇ ಸಾಕಾಯಿತು. ಅದು ಮೂರನೆಯ ಬಾಗಿಲ ಮುಂದೆ ಅವಳನ್ನು ಇಳಿಸಿ, ತಲೆ ತಗ್ಗಿಸಿ ನಿಂತಿತು. ಕೊಕ್ಕಿನ ಸರಪಳಿ ಬಿಡಿಸಿದ ಕೂಡಲೇ ಹಿಂದಿರುಗಿ ನೋಡದೆ ಹಾರಿಹೋಯಿತು.

ಗೆದ್ದವರಿಗೆ ಸ್ವಲ್ಪ ಕೊಬ್ಬು ಬರುತ್ತದೆ. ಬಾಚಲೆಗೂ ಬಂತು. ನಮ್ಮ ಸರಪಳಿಯಿದ್ದರೆ ಬೇರೆ ಯಾಕೆ ಎಂದುಕೊಂಡು ಅದನ್ನೇ ಹಿಡಿದು ಮೂರನೆಯ ಬಾಗಿಲಿಗೆ ನುಗ್ಗಿದಳು. ಒಳಗಿನಿಂದ ಬೆಂಕಿ ಕಣಜಗಳು ಎದ್ದವು. ಒಂದೊಂದೂ ಉರಿಯುವ ಕೆಂಡ. ಎಡ, ಬಲ, ಬೆನ್ನು, ನೆತ್ತಿ, ಬಾರದ ದಿಕ್ಕಿರಲಿಲ್ಲ. ಅವಳು ನಿಲ್ಲಿಸದೆ ಬೀಸಿದಳು. ನಿಲ್ಲಿಸದೆ ಬೀಸಿದ ಸರಪಳಿ ತಿರುಚಿಕೊಂಡಿತು. ತಿರುಚಿ ತಿರುಚಿ ಬಳೆಗಳು ಒಂದರ ಮೇಲೊಂದು ಏರಿ, ಕೊಂಡಿ ಗಂಟುಕಟ್ಟಿ ನಿಂತಿತು. ಒಂದು ಕಣಜ ಭುಜ ಸುಟ್ಟಿತು. ಇನ್ನೊಂದು ಜಡೆಯ ತುದಿ ಸುಟ್ಟಿತು. ಬಾಚಲೆ ಹಲ್ಲುಕಚ್ಚಿ ಬಾಗಿಲ ಹೊರಕ್ಕೆ ಉರುಳಿದಳು. ಕೊಬ್ಬು ಇಳಿದಿತ್ತು.

ಅಲ್ಲಿ ಕೂತು ಗುಂಡುಕೀಲು ಸಿಕ್ಕಿಸಿದಳು. ಅದಕ್ಕೆ ಹರಳೆಣ್ಣೆ ಬಿಟ್ಟಳು. ಇಲ್ಲಿ ಎಣ್ಣೆ ಬೇಕಾಗಿಯೇ ಇತ್ತು. ಬೆರಳಲ್ಲಿ ತಿರುಗಿಸಿ ನೋಡಿದರೆ ಕೊಂಡಿ ತಿರುಗಿತು, ತಿರುಗುತ್ತಲೇ ಇತ್ತು, ನಿಲ್ಲುವ ಯೋಚನೆಯೇ ಅದಕ್ಕಿರಲಿಲ್ಲ.

ಈ ಸಲ ಅವಳು ಬಾಗಿಲ ನಡುವೆ ನಿಂತು ಬೀಸಿದಾಗ ಕೋಲು ಮಾಯವಾಯಿತು. ಕೋಲಿದ್ದಲ್ಲಿ ಒಂದು ಚಕ್ರ ಕಂಡಿತು. ಚಕ್ರ ಹೋಗಿ ಗುಮ್ಮಟವಾಯಿತು. ಗುಮ್ಮಟದ ಒಳಗೆ ಬಾಚಲೆ, ಹೊರಗೆ ಬೆಂಕಿ. ತಾಗಿದ ಕಣಜವೆಲ್ಲ ಕಿಡಿಯಾಗಿ ಸಿಡಿದು, ಕಿಡಿಯೆಲ್ಲ ಹಳದಿ ಹೂವಾಗಿ ನೆಲಕ್ಕೆ ಬಿತ್ತು. ಅವಳ ಸುತ್ತ ಮೊಣಕಾಲು ಮುಚ್ಚುವಷ್ಟು ಹೂವು ಬಿದ್ದಿತು. ಕೊನೆಯ ಕಣಜ ಹೂವಾದ ಮೇಲೂ ಕೋಲು ಸುತ್ತುತ್ತಿತ್ತು. ಅದನ್ನು ನಿಲ್ಲಿಸಲು ಅವಳಿಗೇ ಮನಸ್ಸು ಬರಲಿಲ್ಲ. ಶತ್ರು ಗರಡಿಯ ಕೊಂಡಿ ಇಷ್ಟು ಚೆಂದವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ.

ಕೋಟೆಯೊಳಗೆ ಒಂದಕ್ಕೊಂದು ಅಂಟಿಕೊಂಡ ವಸ್ತುವೇ ಇರಲಿಲ್ಲ. ಗೋಡೆಯ ಕಲ್ಲುಗಳು ಗೇಣುಗೇಣು ಬಿಟ್ಟು ಗಾಳಿಯಲ್ಲಿ ನಿಂತಿದ್ದವು. ಮೆಟ್ಟಿಲುಗಳು ಒಂದೊಂದೂ ಒಂಟಿಯಾಗಿ ತೇಲುತ್ತಿದ್ದವು. ಕಾರಂಜಿಯ ನೀರು ಹನಿಹನಿಯಾಗಿ ನಿಂತಿತ್ತು, ಒಂದು ಹನಿ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಬಾಚಲೆ ತೇಲುವ ಮೆಟ್ಟಿಲ ಮೇಲೆ ಎಚ್ಚರದಿಂದ ಕಾಲಿಟ್ಟು ಹತ್ತಿದಳು. ಮೇಲಿನ ಹಜಾರದಲ್ಲಿ ಬಿಚ್ಚುಗೈ ಕೂತಿದ್ದ. ಕೊರಳಲ್ಲಿ ಬೆಳ್ಳನೆಯ ನೂಲಿನ ಲಡಿ. ಪಕ್ಕದಲ್ಲಿ ದೊಡ್ಡ ಒಲೆ. ಜಕ್ಕಬ್ಬೆ ಬೆನ್ನು ಹಾಕಿ ಒಲೆಯ ಮುಂದೆ ಗುಡಿಸುತ್ತಿದ್ದಳು.

"ಬಂದೆಯಾ? ನಿಮ್ಮಮ್ಮ ಚೆನ್ನಾಗಿ ಗುಡಿಸ್ತಾಳೆ" ಎಂದ ಮಾಂತ್ರಿಕ.

ಬಾಚಲೆ ಕೋಲು ಬೀಸಿದಳು. ಅವನು ಎರಡು ಬೆರಳು ಆಡಿಸಿದ. ಗುಂಡುಕೀಲಿನ ಟೊಪ್ಪಿ ಬಾಯಿಬಿಟ್ಟು, ಉಕ್ಕಿನ ಗುಂಡುಗಳು ಸಾಸಿವೆ ಚೆಲ್ಲಿದಂತೆ ನೆಲದ ತುಂಬ ಓಡಿದವು. ಅವಳು ಸರಪಳಿ ಸಿಕ್ಕಿಸಿದಳು. ಅವನು ಬೆರಳು ಆಡಿಸಿದ. ಹದ್ದಿಗೆ ಬಗ್ಗದ ಬಳೆಗಳು ಒಂದೊಂದೇ ಬಿಚ್ಚಿ ಉದುರಿದವು. ಅವಳು ಸೊಂಟದ ಹುರಿ ತೆಗೆದು ಗಂಟು ಹಾಕಿದಳು.

ಮಾಂತ್ರಿಕ ಮೂಗು ಅರಳಿಸಿ ನಕ್ಕ. "ಎಣ್ಣೆ ಹಚ್ಚಿದ್ದೀಯ. ಇದಕ್ಕೆ ನನ್ನ ಬೆರಳೂ ಬೇಡ" ಎಂದ. ಉಜ್ಜಿದ್ದ ಮಣ್ಣೆಲ್ಲ ಆಗಲೇ ಉದುರಿಹೋಗಿತ್ತು, ಗಂಟು ತಾನೇ ಜಾರಿತು. ಹುರಿ ನೆಲಕ್ಕೆ ಬಿತ್ತು.

ಈಗ ಬಾಚಲೆಯ ಕೈಯಲ್ಲಿ ಉಳಿದದ್ದು ಎರಡು ಬಿಡಿ ಕೋಲು. ಮಾಂತ್ರಿಕ ಎದ್ದು ಕೊರಳ ಲಡಿ ತೆಗೆದ. "ಅಮಾವಾಸ್ಯೆಯವರೆಗೂ ಯಾಕೆ ಕಾಯಬೇಕು? ಒಲೆ ಹೊತ್ತಿಸು" ಎಂದು ಜಕ್ಕಬ್ಬೆಗೆ ಹೇಳಿದ. ಅವಳು ಪೊರಕೆ ಹಿಡಿದೇ ಒಲೆಯ ಕಡೆ ಬಗ್ಗಿದಳು. ಬಾಚಲೆಗೆ ದುಃಖ ಉಕ್ಕಿ ಬಂತು. ಅತ್ತರೆ ತಾಯಿ ಮತ್ತೆ ಮೆತ್ತಗೆ ಮಾತಾಡಿಸುತ್ತಾಳೆ. ಅದನ್ನು ಇನ್ನೊಮ್ಮೆ ಕೇಳುವ ಶಕ್ತಿ ಅವಳಿಗಿರಲಿಲ್ಲ.

ಬಗ್ಗಿದ ಆ ಬೆನ್ನನ್ನು ನೋಡಿದಳು. ರೊಟ್ಟಿ ತಟ್ಟುವಾಗ ನೋಡುತ್ತಿದ್ದ ಬೆನ್ನೇ ಅದು.

"ಹಿಡಿ" ಎಂದು ಒಂದು ಕೋಲು ಎಸೆದಳು.

ಜಕ್ಕಬ್ಬೆ ತಿರುಗಲಿಲ್ಲ. ಅವಳ ಕೈ ಪೊರಕೆ ಬಿಟ್ಟು ಎದ್ದಿತು. ಕೋಲು ಆ ಅಂಗೈಗೆ ಬಂದು ಕೂತಿತು. ಆಮೇಲೆ ಅವಳು ತಿರುಗಿ, ಇದು ಇಲ್ಲಿಗೆ ಹೇಗೆ ಬಂತು ಎಂಬಂತೆ ತನ್ನ ಕೈಯನ್ನೇ ನೋಡಿದಳು. ಎದುರಿಗೆ ನಿಂತ ಹುಡುಗಿ ಯಾರೆಂದು ಅವಳಿಗೆ ಗೊತ್ತಾಗಲಿಲ್ಲ. ಹುಡುಗಿಯ ಎಡಗಾಲು ಮುಂದಿತ್ತು. ಜಕ್ಕಬ್ಬೆಯ ಬಲಗಾಲು ತಾನಾಗಿ ಮುಂದೆ ಬಂತು. ಹುಡುಗಿ ಕೋಲೆತ್ತಿದಳು, ಅವಳ ಕೋಲೂ ಎದ್ದಿತು. ಇಬ್ಬರೂ ಮಾಂತ್ರಿಕನ ಎರಡು ಪಕ್ಕದಿಂದ ಒಂದೇ ತಾಳಕ್ಕೆ ಹೆಜ್ಜೆ ಹಾಕಿ ಬಂದರು.

ಬಿಚ್ಚುಗೈ ಬೆರಳು ಆಡಿಸಿದ. ಏನೂ ಕಳಚಲಿಲ್ಲ. ಎರಡು ಕೋಲುಗಳ ನಡುವೆ ಗಂಟು ಹುಡುಕಿದ, ಬಳೆ ಹುಡುಕಿದ, ಗುಂಡು ಹುಡುಕಿದ. ಖಾಲಿ ಗಾಳಿಯಿತ್ತು. ಕೋಲುಗಳು ಮಾತ್ರ ಒಂದೇ ಮರದಂತೆ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು.

"ಎಲ್ಲಿದೆ? ಕೊಂಡಿ ಎಲ್ಲಿದೆ?" ಎಂದು ಅವನು ಕೇಳಿದ.

ಎರಡು ಕೋಲೂ ಒಟ್ಟಿಗೆ ಬಂದು ಅವನ ಎರಡು ಕೈಗೂ ಬಡಿದವು. ಲಡಿ ಕೆಳಗೆ ಬಿತ್ತು. ಮುರಿದ ಬೆರಳುಗಳಿಂದ ಅವನ ಮಂತ್ರ ಸೋರಿಹೋಯಿತು. ಅವನನ್ನು ಯಾರಿಗಾದರೂ ಕಟ್ಟಿಹಾಕುವ ಎಳೆ ಲೋಕದಲ್ಲಿ ಒಂದೂ ಇರಲಿಲ್ಲ. ಗಾಳಿ ಬೀಸಿದಾಗ ಅವನು ಮರಳಿನಂತೆ ಚದುರಿ, ತೇಲುವ ಕಲ್ಲುಗಳ ಸಂದಿಯಿಂದ ಹೊರಗೆ ಹೋಗಿಬಿಟ್ಟ.

ಲಡಿ ತಾನಾಗಿ ಬಿಚ್ಚಿಕೊಂಡಿತು. ಬೆಳ್ಳನೆಯ ನೂಲುಗಳು ನೂರಾರಾಗಿ ಎದ್ದವು. ಬಿಸಿಲು ತಾಗಿ ಆಕಾಶವೆಲ್ಲ ಜೇಡರ ಬಲೆಯಂತೆ ಹೊಳೆಯಿತು. ಪ್ರತಿಯೊಂದು ಎಳೆಗೂ ತನ್ನ ಮನೆಯ ದಾರಿ ಗೊತ್ತಿತ್ತು. ಬೆಟ್ಟ ಇಳಿದು, ಗದ್ದೆ ದಾಟಿ, ಕವಲೂರಿನ ಕಿಟಕಿಗಳಲ್ಲಿ ಒಂದೊಂದಾಗಿ ನುಗ್ಗಿದವು. ಇತ್ತ ಕೋಟೆಯ ಕಲ್ಲುಗಳು ಧಡ್ ಧಡ್ ಎಂದು ಒಂದರ ಮೇಲೊಂದು ಕೂತವು. ಕಾರಂಜಿಯ ಹನಿಗಳು ಒಂದನ್ನೊಂದು ಮುಟ್ಟಿ ಸುರಿದವು. ಬಾಚಲೆ ಇದನ್ನೆಲ್ಲ ಬಾಯಿ ತೆರೆದು ನೋಡುತ್ತಿದ್ದಳು. ಒಂದೇ ಒಂದು ಎಳೆ ಹಜಾರದಲ್ಲಿ ಉಳಿದು ಸ್ವಲ್ಪ ಹೊತ್ತು ಸುತ್ತಾಡಿತು. ಆಮೇಲೆ ಅದರ ಒಂದು ತುದಿ ಅವಳ ಎದೆಗೆ ಇಳಿಯಿತು, ಇನ್ನೊಂದು ತುದಿ ಜಕ್ಕಬ್ಬೆಯ ಎದೆಗೆ.

ಜಕ್ಕಬ್ಬೆ ಬಗ್ಗಿ ನೆಲದ ಮೇಲಿದ್ದ ಹುರಿ ತೆಗೆದುಕೊಂಡಳು. ಬೆರಳಲ್ಲಿ ಉಜ್ಜಿದಳು. ಮೂಸಿದಳು. ಹುಬ್ಬು ಗಂಟಿಕ್ಕಿದಳು.

"ಹುರಿಗೆ ಯಾರಾದರೂ ಎಣ್ಣೆ ಹಚ್ತಾರಾ, ಬಾಚಲೆ?"

ಬಾಚಲೆ ತಾಯಿಯ ಕಾಲ ಬಳಿ ಕುಸಿದು, ಅಷ್ಟು ಹೊತ್ತು ತಡೆದಿದ್ದ ಅಳುವನ್ನೆಲ್ಲ ಅತ್ತುಬಿಟ್ಟಳು. ಬೈಗುಳ ಇನ್ನೂ ಬಹಳ ಹೊತ್ತು ನಡೆಯಿತು. ಬೈಯುತ್ತಲೇ ಜಕ್ಕಬ್ಬೆ ಮಗಳ ಸುಟ್ಟ ಭುಜಕ್ಕೆ ಕೊಂಬಿನಲ್ಲಿ ಉಳಿದಿದ್ದ ಎಣ್ಣೆ ಹಚ್ಚಿದಳು.

ಇಬ್ಬರೂ ಊರಿಗೆ ಬಂದಾಗ ಸಿಂಗಣನ ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು, ದೇಮರಸನ ಹೆಗಲ ಮೇಲೆ ಅವನ ಮಗ ಕೂತಿದ್ದ. ಆದರೂ ಗುರುಗಳಿಗೆ ಕೇಳದೆ ಇರಲಾಗಲಿಲ್ಲ. "ಈಗ ಹೇಳು, ಯಾವುದು ಮೇಲು?"

"ಕಿವಿಯ ಮುಂದೆ ಹುರಿ, ಕತ್ತರಿಯ ಮುಂದೆ ಸರಪಳಿ, ಕಣಜದ ಮುಂದೆ ಗುಂಡುಕೀಲು" ಎಂದಳು ಬಾಚಲೆ.

"ಮಾಂತ್ರಿಕನ ಮುಂದೆ?"

ಬಾಚಲೆ ತಾಯಿಯ ಕಡೆ ನೋಡಿದಳು. ಜಕ್ಕಬ್ಬೆ ಬಾವಿಕಟ್ಟೆಯಲ್ಲಿ ಕೂತು ಹುರಿಯನ್ನು ಸೀಗೆಪುಡಿ ಹಾಕಿ ತೊಳೆಯುತ್ತಿದ್ದಳು. ಅದು ಹುರಿ ಗರಡಿಯ ಬಾವಿ. ಯಾರೂ ಅವಳನ್ನು ತಡೆಯಲಿಲ್ಲ.

ಅಂದಿನಿಂದ ಕವಲೂರಿನ ಮಕ್ಕಳು ಮೂರು ಕೊಂಡಿಯನ್ನೂ ಕಲಿತರು, ಮೂರು ಬಾವಿಯ ನೀರನ್ನೂ ಕುಡಿದರು. ಮಹಾರಾಜರ ಸಿಂಹಾಸನಕ್ಕೆ ಕಾಲು ಬಂದವು. ಕೂಡಿದವರು ಕೂಡಿಯೇ ಬಾಳಿದರು, ಹೊಟ್ಟೆ ತುಂಬ ಉಂಡರು, ಮನಸಾರೆ ಜಗಳವಾಡಿದರು, ಸುಖವಾಗಿ ನಿದ್ದೆಹೋದರು. ಈಗಲೂ ಅಲ್ಲಿ ಸಂಜೆಯಾದರೆ ಮೊದಲು ಸರಪಳಿಗೆ ಎಣ್ಣೆ, ಆಮೇಲೆ ಗುಂಡುಕೀಲಿಗೆ, ಆಮೇಲೆ ದೀಪಕ್ಕೆ. ಹುರಿಗೆ ಮಾತ್ರ ಹಚ್ಚುವಂತಿಲ್ಲ, ಹಚ್ಚಿದರೆ ಜಕ್ಕಬ್ಬೆ ಬೈಯುತ್ತಾಳೆ. ಬೈಸಿಕೊಳ್ಳುವುದಕ್ಕೆಂದೇ ಬಾಚಲೆ ಒಮ್ಮೊಮ್ಮೆ ಹಚ್ಚುತ್ತಾಳೆ.